ಉಪ್ಪು ಹಾಕುವ ಕೈ

ಅಪ್ಪಾಜಿ ಮದುವೆ ಮನೆಗಳ ಅಡುಗೆ ಕಂಟ್ರಾಕ್ಟು ಹಿಡಿಯುತ್ತಿದ್ದರು. ನಂಜನಗೂಡಿನ ಯಾವ ಛತ್ರದಲ್ಲಿ ಒಲೆ ಹೊಗೆ ಕಾರುತ್ತದೆ, ಯಾವುದರಲ್ಲಿ ಬಚ್ಚಲ ನೀರು ಅಡುಗೆಮನೆಗೆ ನುಗ್ಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬೇಳೆ ಬೇಯಿಸಲು, ತರಕಾರಿ ಹೆಚ್ಚಲು, ಕಾಯಿ ತುರಿಯಲು ಅವರ ಜೊತೆ ಒಂದು ಗುಂಪೇ ಇತ್ತು. ಎಲ್ಲ ಕೆಲಸವನ್ನೂ ಎಲ್ಲರೂ ಮಾಡಬಹುದಿತ್ತು, ಒಂದನ್ನು ಬಿಟ್ಟು. ಉಪ್ಪು ಹಾಕುವುದು ಅಪ್ಪಾಜಿಯ ಕೈ ಮಾತ್ರ.

ಕೊಳದಪ್ಪಲೆಯಲ್ಲಿ ಹುಳಿ ಕುದಿ ಬಂದಾಗ ಸೌಟು ಹಿಡಿದವನು “ಅಣ್ಣಾ, ಉಪ್ಪು” ಎಂದು ಕೂಗಿ ಪಕ್ಕಕ್ಕೆ ಸರಿಯುತ್ತಿದ್ದ. ಅಪ್ಪಾಜಿ ಎಲ್ಲಿದ್ದರೂ ಬಂದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಡಬ್ಬದಿಂದ ಹರಳುಪ್ಪನ್ನು ಮುಷ್ಟಿಯಲ್ಲಿ ತೆಗೆದು ಸುರಿಯುತ್ತಿದ್ದರು. ಹಬೆಯನ್ನೊಮ್ಮೆ ಮೂಸಿ ನೋಡಿ ಇನ್ನೊಂದು ಚಿಟಿಕೆ. ನಾಲಿಗೆಗೆ ಬಿಟ್ಟುಕೊಂಡು ನೋಡುವಂತಿರಲಿಲ್ಲ. ದೇವರಿಗೆ ಎಡೆ ಇಡುವವರೆಗೆ ಅಡುಗೆಯ ರುಚಿಯನ್ನು ಯಾರೂ ನೋಡಬಾರದು ಎಂಬುದು ಅವರ ಅಡುಗೆಮನೆಯ ಕಟ್ಟುನಿಟ್ಟು. ಹಾಗಾಗಿ ಉಪ್ಪು ಹಾಕುವ ಕೈಯನ್ನು ಎಲ್ಲರೂ ಕಣ್ಣುಮುಚ್ಚಿ ನಂಬಬೇಕಿತ್ತು. ಆ ಅಡುಗೆಮನೆಯಲ್ಲಿ ಯಜಮಾನನಿಗೆಂದು ಕುರ್ಚಿಯಿರಲಿಲ್ಲ, ಉಪ್ಪಿನ ಡಬ್ಬವೇ ಕುರ್ಚಿ.

ಆ ಡಬ್ಬ ಮುಂದೆ ನನ್ನದು ಎಂದು ನಾನು ತೀರ್ಮಾನಿಸಿಕೊಂಡಿದ್ದೆ. ನನ್ನ ಅಣ್ಣನಿಗೆ ಅದರ ಆಸೆಯಿರಲಿಲ್ಲ. ಪಾತ್ರೆ ತುಂಬಿದ ಟೆಂಪೋವನ್ನು ಛತ್ರದ ಮುಂದೆ ನಿಲ್ಲಿಸಿ, ಸೀಟಿನ ಮೇಲೆ ಕಾಲು ಚಾಚಿದರೆ ಅವನ ಕೆಲಸ ಮುಗಿಯಿತು. ನಾನು ಹಾಗಲ್ಲ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದೆ. ರಜೆ ಬಂದರೆ ಅಡುಗೆಮನೆಯಲ್ಲಿ, ಕಾಲೇಜು ಇದ್ದರೆ ಚರ್ಚಾಸ್ಪರ್ಧೆಯಲ್ಲಿ. “ನಾಯಕತ್ವ ಒಬ್ಬರ ಕೈಯಲ್ಲೇ ಇರಬೇಕು” ಎಂಬ ವಿಷಯದ ಮೇಲೆ ಒಂದು ಕಾಲೇಜಿನಲ್ಲಿ ಪರವಾಗಿ, ಇನ್ನೊಂದರಲ್ಲಿ ವಿರೋಧವಾಗಿ ಮಾತಾಡಿ ಎರಡು ಕಡೆಯೂ ಬಹುಮಾನ ತಂದಿದ್ದೆ. ನಂಬಿಕೆ ಎರಡರಲ್ಲೂ ಇರಲಿಲ್ಲ. ಅಧಿಕಾರವನ್ನು ಹಂಚಬೇಕು ಎಂದು ಗಂಟಲು ಹರಿದುಕೊಳ್ಳುವವರ ಕೈಯಲ್ಲಿ ಸಾಮಾನ್ಯವಾಗಿ ಅಧಿಕಾರ ಇರುವುದಿಲ್ಲ ಎಂಬುದಷ್ಟೇ ನಾನು ಕಂಡುಕೊಂಡಿದ್ದು.

ಆಗ ಅತ್ತಿಗೆ ಬಂದಳು. ಎದುರಿಗೆ ನಾನು ಅವಳಿಗೆ ಬಹುವಚನವನ್ನೇ ಬಳಸುತ್ತೇನೆ. ಮನಸ್ಸಿನಲ್ಲಿ ಮೊದಲಿಂದಲೂ ಏಕವಚನ. ಇಲ್ಲಿ ಮನಸ್ಸಿನದನ್ನೇ ಬರೆಯುತ್ತಿದ್ದೇನೆ.

ಅವಳ ತವರು ತಿ. ನರಸೀಪುರ. ಅಡುಗೆಯಲ್ಲಿ ನನಗಿಂತ ಹೆಚ್ಚಿನವಳೇನಲ್ಲ, ಓದಿನಲ್ಲಿ ಕಡಿಮೆಯೂ ಅಲ್ಲ. ಆದರೆ ಮಾತು ಬೇರೆ ಥರ. ಕಾಯಿ ತುರಿಯುವ ಹೆಂಗಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು “ನಿನ್ ಗಂಡ ಈ ಸರ್ತಿನಾದ್ರೂ ಸೀರೆ ತಂದ್ನಾ, ಇಲ್ಲ ಬರೀ ಬಾಯಲ್ಲೇ ಉಡ್ಸುದ್ನಾ” ಅನ್ನುವಳು. ಅಡುಗೆಮನೆಯೆಲ್ಲ ನಗುತ್ತಿತ್ತು. ಒಂದೇ ಮದುವೆ ಸೀಸನ್ನಿನಲ್ಲಿ ಅವಳು ಎಲ್ಲರಿಗೂ ಅಕ್ಕ ಆದಳು. ಹುಟ್ಟಿದಾಗಿನಿಂದ ಅವರ ನಡುವೆಯೇ ಓಡಾಡಿದ ನನ್ನನ್ನು ಅವರು ಕರೆಯುತ್ತಿದ್ದುದು “ಮೇಡಮ್ಮು” ಎಂದು.

ಒಂದು ವರ್ಷ ಒಂದೇ ಮುಹೂರ್ತಕ್ಕೆ ಎರಡು ಪಾರ್ಟಿ ಬಂದವು. ಒಂದು ನಂಜನಗೂಡಿನಲ್ಲಿ, ಇನ್ನೊಂದು ನರಸೀಪುರದಲ್ಲಿ. ಅಪ್ಪಾಜಿ ಎರಡನ್ನೂ ಒಪ್ಪಿಕೊಂಡು, ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಾ “ನರಸೀಪುರುಕ್ಕೆ ಸೊಸೆ ಓಗ್ಲಿ. ಉಪ್ಪಿನ ಡಬ್ಬ ಅವ್ಳ್ ಕೈಗೆ ಕೊಟ್ಟಿದ್ದೀನಿ” ಎಂದರು. ಹವಾಮಾನ ವರದಿ ಹೇಳಿದ ಹಾಗೆ ಹೇಳಿದರು.

“ಯಾವ ಆಧಾರದ ಮೇಲೆ?” ಎಂದೆ.

“ಆಧಾರ ಅಂದ್ರೆ?”

“ನಾನು ಅವ್ರಿಗಿಂತ ಮೊದ್ಲಿಂದ ಇದ್ದೀನಿ. ನಿಮ್ ಮುಷ್ಟಿ ನೋಡ್ಕೊಂಡೇ ಬೆಳ್ದಿದ್ದೀನಿ.”

“ನೀನು ನಾಳೆ ಓಗೋಳು ಕಣವ್ವ. ಉಪ್ಪಿನ್ ಕೈ ಅಂದ್ರೆ ಪಾರ್ಟಿಯವ್ರ್‌ಗೆ ಗುರ್ತಾಗ್ಬೇಕು. ಗುರ್ತಾದ್ಮೇಲೆ ನೀನು ಎದ್ದು ಇನ್ನೊಬ್ರ್ ಮನೆಗೋದ್ರೆ ನಾನೇನ್ ಏಳ್ಲಿ ಅವ್ರ್‌ಗೆ?”

“ಅತ್ತಿಗೆ ಇನ್ನೊಬ್ರ ಮನೆಯಿಂದ ಬಂದೋರು. ಬಂದೋರಿಗೆ ಕೊಡಬಹುದಾದ್ರೆ ಹೋಗೋರಿಗೆ ಯಾಕೆ ಕೊಡಬಾರ್ದು?”

ಒಳ್ಳೆಯ ಪ್ರಶ್ನೆ. ಯಾವ ತೀರ್ಪುಗಾರರಿದ್ದರೂ ಅಲ್ಲೊಂದು ಗೆರೆ ಎಳೆದುಕೊಳ್ಳುತ್ತಿದ್ದರು. ಅಪ್ಪಾಜಿ ಎಲೆ ಬಾಯಿಗಿಟ್ಟುಕೊಂಡು “ಬೆಲ್ಲಾಯ್ತು, ಕೂತ್ಕೊ” ಎಂದರು. ನನ್ನ ಚರ್ಚಾಸ್ಪರ್ಧೆಯೊಂದಕ್ಕೆ ಅವರು ಒಮ್ಮೆ ಬಂದಿದ್ದರು. ಅಲ್ಲಿಂದ ಕಲಿತು ತಂದಿದ್ದು ಸಮಯ ಮುಗಿಯಿತೆಂದು ಬಾರಿಸುವ ಆ ಬೆಲ್ಲೊಂದನ್ನೇ.

ಅತ್ತಿಗೆ ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ನಾನು ಬಿಡಲಿಲ್ಲ. ಊಟಕ್ಕೆ ಕೂತರೆ ಅದೇ ಮಾತು, ನೀರು ಸೇದುವಾಗ ಅದೇ. ಒಬ್ಬರ ಕೈಗೇ ಎಲ್ಲ ಕೊಟ್ಟರೆ ವ್ಯಾಪಾರ ಬೆಳೆಯುವುದಿಲ್ಲ, ಜವಾಬ್ದಾರಿ ಹಂಚಿದಷ್ಟೂ ಗಟ್ಟಿ, ಹೀಗೆ ವಿರೋಧ ಪಕ್ಷದಲ್ಲಿದ್ದಾಗ ಆಡಿದ್ದ ಮಾತುಗಳನ್ನೆಲ್ಲ ಆಡಿದೆ. ಕೊನೆಗೆ ಅಪ್ಪಾಜಿ ಸುಸ್ತಾಗಿ, “ಆಯ್ತು, ಇಬ್ರೂ ಓಗಿ. ಉಪ್ಪು ಇಬ್ರುದೂವೆ. ಈಗ್ಲಾದ್ರೂ ಉಣ್ಣಕ್ ಬುಡ್ತೀಯಾ?” ಎಂದರು.

ನರಸೀಪುರದ ಛತ್ರಕ್ಕೆ ಕಾಲಿಟ್ಟ ಗಳಿಗೆಯಿಂದ ನನ್ನ ಹೊಟ್ಟೆ ಉರಿಯತೊಡಗಿತು. ಊರೆಲ್ಲ ಅವಳದೇ. ನೀರು ಬಿಡುವವನಿಗೆ ಅವಳ ಗುರುತು, ಹೂವಿನವಳು ಅವಳಿಗೆ ದೊಡ್ಡಮ್ಮನಾಗಬೇಕು. “ಏನವ್ವ, ಇಂಗ್ ಒಣ್ಗೋಗಿದ್ದೀಯೆ? ನಂಜನಗೂಡೋರು ಊರೋರ್‌ಗೆಲ್ಲ ಬಡ್ಸುಬುಟ್ಟು ಸೊಸೇಗ್ ಇಕ್ಕದ ಮರ್‌ತರಾ?” ಎಂದು ಒಬ್ಬಳು ಕೇಳಿದರೆ ಇವಳು “ಇಕ್ತರೆ ಕಣತ್ತೆ, ನಮ್ ನಾದ್ನಿ ಮಾತೇ ಒಟ್ಟೆ ತುಂಬ್ಸ್‌ಬುಡ್ತದೆ” ಎಂದು ನನ್ನತ್ತ ಕಣ್ಣು ಮಿಟುಕಿಸಿದಳು. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಡ್ಸಕ್ ಬಂದಿರೋ ಮಗೀನಾ?” ಎಂದಳು.

ಹುಳಿಗೆ ಅತ್ತಿಗೆ ಉಪ್ಪು ಹಾಕಿದಳು. ಪಲ್ಯಕ್ಕೆ ನಾನು ಹಾಕಿದೆ. ಉಳಿದದ್ದು ಸಾರು.

ಸಾರು ಕುದಿ ಬಂದಾಗ ಸೌಟು ಹಿಡಿದವನು “ಉಪ್ಪು” ಎಂದು ಕೂಗಿದ. ಇಲ್ಲೊಂದು ಸೂಕ್ಷ್ಮವಿದೆ. ಅಪ್ಪಾಜಿಯಿದ್ದಾಗ ಅವನು “ಅಣ್ಣಾ, ಉಪ್ಪು” ಅನ್ನುತ್ತಿದ್ದ. ಈಗ ಯಾರನ್ನು ಕರೆಯಬೇಕೋ ತಿಳಿಯದೆ ಬರೀ “ಉಪ್ಪು” ಎಂದು ಗಾಳಿಗೆ ಹೇಳಿ ಪಕ್ಕಕ್ಕೆ ಸರಿದ. ನಾನು ಹಪ್ಪಳದ ಬಾಣಲೆಯ ಮುಂದಿದ್ದೆ. ಏಳಲಿಲ್ಲ. ಅವಳ ಊರು, ಅವಳ ಜನ, ಅವಳ ಅತ್ತೆ, ಅವಳೇ ಹಾಕಲಿ ಎಂದುಕೊಂಡೆ. ಹಿಂದೆ ಬಳೆ ಸದ್ದಾಯಿತು, ಹಾಕಿದಳು ಎಂದುಕೊಂಡೆ. ಸೌಟಿನವನು ವಾಪಸು ಬಂದು, ಹಾಕಿಯಾಗಿದೆ ಎಂದುಕೊಂಡು ಮುಚ್ಚಳ ಮುಚ್ಚಿದ. ದೇವರಿಗೆ ಎಡೆಯೂ ಆಯಿತು. ದೇವರು ಏನೂ ಹೇಳಲಿಲ್ಲ.

ಮೊದಲ ಪಂಕ್ತಿಯ ತುದಿಯಲ್ಲಿ ಕೂತಿದ್ದ ಮುದುಕರೊಬ್ಬರು ಅನ್ನಕ್ಕೆ ಸಾರು ಕಲಸಿ ಬಾಯಿಗಿಟ್ಟರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ನಿಧಾನವಾಗಿ ಕೇಳಿದರು: “ಅವ್ವಾ, ನಮ್ಗೆಲ್ಲಾ ಬೀಪಿ ಅಂತ ನಿಮ್ಗ್ಯಾರ್ ಏಳುದ್ರು?”

ಪಂಕ್ತಿ ಪೂರ್ತಿ ನಕ್ಕಿತು. ನಾನೂ ಅತ್ತಿಗೆಯೂ ಬಾಗಿಲಲ್ಲಿ ಮುಖಾಮುಖಿಯಾದೆವು.

“ನೀನ್ ಆಕ್ಲಿಲ್ವಾ?”

“ನೀವ್ ಹಾಕ್ಲಿಲ್ವಾ?”

ನಾನು ಬಿಸಿನೀರಿಗೆ ಉಪ್ಪು ಕರಗಿಸಿಕೊಂಡು ಕೊಳದಪ್ಪಲೆಯ ಹತ್ತಿರ ಓಡಿದೆ. ಅವಳು ಬಟ್ಟಲು ತುಂಬ ಪುಡಿಯುಪ್ಪು ತೆಗೆದುಕೊಂಡು ಪಂಕ್ತಿಗೆ ನಡೆದಳು. “ಮನೆ ಮಗ್ಳು ಬಂದವ್ಳೆ, ಒಬ್ರೂ ಮಾತಾಡುಸ್ಲಿಲ್ಲ. ಉಪ್ಪ ಬುಟ್ರೆ ತಾನಾಗೇ ಕರೀತೀರಿ ಅಂತ ಬುಟ್ಟಿದ್ದು ಕಣಜ್ಜಾ” ಎನ್ನುತ್ತಾ ಎಲೆಯಿಂದ ಎಲೆಗೆ ಚಿಟಿಕೆ ಹಾಕುತ್ತಾ ಹೋದಳು. ಆ ಮುದುಕರು ಅವಳ ತಂದೆಯ ಕ್ಷೇಮ ವಿಚಾರಿಸಿದರು. ನಾನು ಹಬೆಯೊಳಗೆ ಮುಖ ಸುಟ್ಟುಕೊಂಡು ಸೌಟು ತಿರುಗಿಸುತ್ತಾ ಅದನ್ನೆಲ್ಲ ಕೇಳಿಸಿಕೊಂಡೆ. ಸಪ್ಪೆ ಸಾರಿನಲ್ಲಿ ನಮ್ಮಿಬ್ಬರಿಗೂ ಸಮಪಾಲಿತ್ತು. ಹೊರಗಿನ ನಗೆಯಲ್ಲಿ ನನಗೆ ಪಾಲಿರಲಿಲ್ಲ.

ಸಂಜೆ ಟೆಂಪೋದ ಹಿಂಬದಿಯಲ್ಲಿ, ತೊಳೆದ ಪಾತ್ರೆಗಳ ನಡುವೆ ಕೂತು ನಂಜನಗೂಡಿಗೆ ವಾಪಸು ಬರುವಾಗ ಕೇಳಿದೆ, “ಕೂಗಿದ್ದು ಕೇಳಿಸ್ಲಿಲ್ವಾ ನಿಮಗೆ?”

“ಕೇಳುಸ್ತು. ಡಬ್ಬುದ್ ತಾವ್ಕೂ ಬಂದೆ.”

“ಮತ್ತೆ?”

“ನಿಂಗೆ ಆಸೆ ಇತ್ತಲ್ಲ ಮಗಾ. ನಮ್ಮೂರ್ ಜನುದ್ ಮುಂದೆ ನೀನೇ ಆಕ್ಲಿ ಅಂತ ಬುಟ್ಟೆ.”

ನಾನು ಮತ್ಸರದಿಂದ ಬಿಟ್ಟಿದ್ದೆ, ಅವಳು ಪ್ರೀತಿಯಿಂದ ಬಿಟ್ಟಿದ್ದಳು. ಸಾರು ಎರಡಕ್ಕೂ ಒಂದೇ ರುಚಿ ಕೊಟ್ಟಿತು ಎಂದು ವಾದಿಸಬಹುದಿತ್ತು. ಅಷ್ಟರಲ್ಲಿ ಅವಳು ಹಂಡೆಗೆ ಒರಗಿ ನಿದ್ದೆ ಹೋದಳು.

ನಾವು ಮನೆ ಸೇರುವ ಮೊದಲೇ ಸುದ್ದಿ ಅಪ್ಪಾಜಿಗೆ ಮುಟ್ಟಿತ್ತು. ಬೈಯಲಿಲ್ಲ. ಉಪ್ಪಿನ ಡಬ್ಬವನ್ನು ತರಿಸಿ ಜಗುಲಿಯ ಮೇಲೆ ಇಟ್ಟುಕೊಂಡು, “ಇಬ್ರುದು ಅಂದ್ರೆ ಯಾರ್‌ದೂ ಅಲ್ಲ ಅಂತಾಯ್ತು. ಒಂದೇ ಕೈ ಇರ್ಲಿ. ಯಾರ್‌ದು ಏಳಿ” ಎಂದರು. ನಾನು ಟೆಂಪೋದಲ್ಲೇ ಮಾತು ಜೋಡಿಸಿಕೊಂಡಿದ್ದೆ. ಎರಡು ಕೈ ಇದ್ದುದು ತಪ್ಪಲ್ಲ, ಕರೆಯುವವನಿಗೆ ಯಾರನ್ನು ಕರೆಯಬೇಕೆಂದು ಹೇಳದಿದ್ದುದು ತಪ್ಪು. ಯಾವ ಅಡುಗೆ ಯಾರದು ಎಂದು ಮೊದಲೇ ಗೊತ್ತುಮಾಡಿದ್ದರೆ ಹೀಗಾಗುತ್ತಿರಲಿಲ್ಲ. ಇವತ್ತಿಗೂ ನನ್ನ ವಾದ ಅದೇ. ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಹೇಳಿದಳು, “ಅವ್ಳ್‌ಗೆ ಕೊಟ್ಬುಡಿ ಮಾವ.”

“ಅವ್ಳು ಓಗೋಳು ಕಣವ್ವ.”

“ನಾನ್ ಬಂದೋಳಲ್ವಾ? ಬಂದೋಳ್‌ಗೆ ಕೊಡ್ಬೋದಾದ್ರೆ ಓಗೋಳ್‌ಗ್ ಯಾಕ್ ಕೊಡ್ಬಾರ್ದು?”

ನನ್ನದೇ ಮಾತು. ಹೊಸ್ತಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿಸಿಕೊಂಡದ್ದು. ಅಪ್ಪಾಜಿ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದರು. ನಾನು ಕೇಳಿದಾಗ ಯೋಚಿಸಿರಲಿಲ್ಲ. “ಅದೂ ಸರಿ ಅನ್ನು” ಎಂದು ಡಬ್ಬವನ್ನು ನನ್ನ ಕಡೆ ತಳ್ಳಿದರು. ಬೆಲ್ಲು ಬಾರಿಸಲಿಲ್ಲ.

ಕೈಗೆ ಬಂದ ಡಬ್ಬವನ್ನು ಬೇಡ ಎನ್ನುವಷ್ಟು ದೊಡ್ಡವಳು ನಾನಲ್ಲ. ತೆಗೆದುಕೊಂಡೆ. ಆದರೆ ಎದುರಾಳಿಯೇ ಎದ್ದು ನಿಂತು ನನ್ನ ಪರವಾಗಿ ಮಾತಾಡಿ ಗೆಲ್ಲಿಸಿಕೊಟ್ಟ ಸ್ಪರ್ಧೆಯಲ್ಲಿ ಬಹುಮಾನ ಯಾರದು? ಇದಕ್ಕೆ ನನ್ನ ಹತ್ತಿರ ಎರಡೂ ಪಕ್ಷದ ವಾದವಿದೆ, ಎರಡರಲ್ಲೂ ನಾನು ಸೋಲುತ್ತೇನೆ. ಕೊಡಬಲ್ಲವಳ ಕೈಯಲ್ಲೇ ಅಧಿಕಾರ ಉಳಿಯಿತು, ನನಗೆ ಬಂದದ್ದು ಉಪ್ಪು.

ಈಗ ಕುದಿ ಬಂದಾಗ “ಮೇಡಮ್ಮೋ, ಉಪ್ಪು” ಎಂದು ನನ್ನನ್ನೇ ಕರೆಯುತ್ತಾರೆ. ಅಪ್ಪಾಜಿ ಪಾರ್ಟಿಯವರ ಜೊತೆ ಮಾತಾಡುತ್ತಾ ಹೊರಗೇ ಇರುತ್ತಾರೆ. ನಾನು ಡಬ್ಬ ಹಿಡಿದು ಹೋಗುವಾಗ ಅತ್ತಿಗೆ, ಮಾಡುತ್ತಿದ್ದ ಕೆಲಸ ಬಿಟ್ಟು, ಬೇಕೆಂದೇ ಗೋಡೆಯ ಕಡೆ ತಿರುಗಿ ನಿಲ್ಲುತ್ತಾಳೆ. ತಾನು ನೋಡುವುದಿಲ್ಲ, ಉಪ್ಪು ನಾದಿನಿಯದು ಎಂದು ಅಡುಗೆಮನೆಗೆಲ್ಲ ತಿಳಿಯಲಿ ಎಂದು. ಅವರಿಗೆ ತಿಳಿಯುತ್ತದೆ. ನಾನು ಹರಳುಪ್ಪನ್ನು ಮುಷ್ಟಿಯಲ್ಲಿ ತೆಗೆಯುತ್ತೇನೆ, ಹಬೆಯ ಮೇಲೆ ಕೈ ಹಿಡಿಯುತ್ತೇನೆ, ಬೆರಳು ಬಿಡಿಸುವ ಮುಂಚೆ ಪ್ರತಿಸಲವೂ ಅವಳ ಬೆನ್ನನ್ನೊಮ್ಮೆ ನೋಡುತ್ತೇನೆ.