ರಂಗಪ್ಪನವರ ಮುರಿದ ಆಕ್ಸೆಲ್

ನಮ್ಮ ಬೀದಿ ದೊಡ್ಡ ರಸ್ತೆಗೆ ಹೊರಳುವ ಮೂಲೆಯಲ್ಲಿ ರಂಗಪ್ಪನವರು ಬೆಳಿಗ್ಗೆ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತಿರುತ್ತಿದ್ದರು. ಬಿಳಿ ಪಂಚೆ, ಮಾಸಿದ ಸ್ವೆಟರು, ರಸ್ತೆಯ ಕಡೆಗೆ ವಾಲಿಸಿದ ಬಲಗಿವಿ. ಬ್ಯಾಟರಾಯನಪುರಕ್ಕೆ ಬಾಡಿಗೆಗೆ ಬಂದ ಹೊಸದರಲ್ಲಿ, ಸೂರ್ಯನಿಗೆ ಕೈಮುಗಿಯಲು ಬಂದು ನಿಂತವರೇನೋ ಅಂದುಕೊಂಡಿದ್ದೆ. ಆದರೆ ಅವರು ಕಾರುಗಳ ಸದ್ದು ಕೇಳುತ್ತಿದ್ದರು. ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಹೊರಳಿದಾಗ ಕೆಲವು ಕಾರುಗಳ ಮುಂದಿನ ಚಕ್ರದಿಂದ ಕಟಕಟ ಎಂಬ ಶಬ್ದ ಬರುತ್ತದೆ. ಆ ಶಬ್ದ ಕಿವಿಗೆ ಬಿದ್ದರೆ ರಂಗಪ್ಪನವರು ಕಣ್ಣು ಬಿಟ್ಟು, ಪಂಚೆ ಎತ್ತಿಕಟ್ಟಿ, ಆ ಕಾರಿನ ಹಿಂದೆ ಓಡುತ್ತಿದ್ದರು.

"ಸ್ವಾಮಿ, ನಿಮ್ ಎಡಗಡೆ ಚಕ್ರ ಕೂಗ್ತೈತೆ. ಇವತ್ತೇ ತೋರ್ಸಿ." ಎಲ್ಲರಿಗೂ ಅದೇ ಮಾತು.

ಕೆಲವರು ನಕ್ಕು ಹೋಗುತ್ತಿದ್ದರು. ಯಾವುದೋ ಗ್ಯಾರೇಜಿಗೆ ಗಿರಾಕಿ ಹಿಡಿದುಕೊಡುವ ಆಸಾಮಿ ಎಂದುಕೊಂಡು ಬೈದವರೂ ಉಂಟು. ಒಬ್ಬಾತ ಕಿಟಕಿ ಹಿಡಿದಿದ್ದ ಅವರ ಕೈಯನ್ನು ತಳ್ಳಿದ ರಭಸಕ್ಕೆ ಚರಂಡಿಯ ಚಪ್ಪಡಿಯ ಮೇಲೆ ಬಿದ್ದು ಮೊಣಕೈ ಒಡೆದುಕೊಂಡರು. ಮಾರನೆಯ ಬೆಳಿಗ್ಗೆ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಅಲ್ಲೇ ನಿಂತಿದ್ದರು.

ಅವರ ಕಥೆಯನ್ನು ಹೇಳಿದ್ದು ನಮ್ಮ ಮನೆಯ ಓನರ್ ಆಂಟಿ. ರಂಗಪ್ಪನವರದು ಅದೇ ಊರಿನ ಹಳೇ ಮನೆತನ. ಹೊಲವೆಲ್ಲ ಸೈಟಾಗುವ ಮುಂಚೆಯೇ ಸಹಕಾರ ಸಂಘದಲ್ಲಿ ಗುಮಾಸ್ತರಾಗಿ ಸೇರಿ, ಅಲ್ಲೇ ನಿವೃತ್ತರಾದವರು. ವಿಮಾನ ನಿಲ್ದಾಣ ಶುರುವಾದ ವರ್ಷ ಗಂಡ ಹೆಂಡತಿ ರಾಜಾನುಕುಂಟೆಯ ಮಗಳ ಮನೆಗೆ ಹೊರಟಿದ್ದಾಗ ದೊಡ್ಡಬಳ್ಳಾಪುರ ರಸ್ತೆಯಲ್ಲಿ ಎದುರಿನಿಂದ ಬಂದ ಲಾರಿಗೆ ಕಾರು ಗುದ್ದಿತು. ಕಾರು ಓಡಿಸುತ್ತಿದ್ದ ಇವರಿಗೆ ತರಚಿದ ಗಾಯ. ಪಕ್ಕದಲ್ಲಿ ಕೂತಿದ್ದ ಜಯಮ್ಮ ಅಲ್ಲೇ ಹೋದರು. ಅದಕ್ಕೂ ಮುಂಚೆ ಒಂದಷ್ಟು ದಿನದಿಂದ ತಿರುವಿನಲ್ಲಿ ಕಾರು ಕಟಕಟ ಅನ್ನುತ್ತಿತ್ತಂತೆ. ತೋರಿಸಿ ಎಂದು ಜಯಮ್ಮ ಹೇಳಿದ್ದರಂತೆ. ಹಬ್ಬ ಕಳೆಯಲಿ ಎಂದು ಇವರು ಅಂದಿದ್ದರಂತೆ.

ಆ ಕಾರನ್ನು ಅವರು ಗುಜರಿಗೆ ಹಾಕಲಿಲ್ಲ. ಮನೆ ಹಿಂದಿನ ಹೊಂಗೆಮರದ ಕೆಳಗೆ ಟಾರ್ಪಾಲು ಹೊದಿಸಿ ಇಟ್ಟುಕೊಂಡಿದ್ದರು. ಅದರ ಎಡಗಡೆಯ ಆಕ್ಸೆಲ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಉಕ್ಕಿನ ಕೋಲು, ತುಂಡಾಗಿತ್ತು. ಅದನ್ನು ಬಿಚ್ಚುವುದು, ನೋಡುವುದು, ಮತ್ತೆ ಕೂರಿಸುವುದು. ನಮ್ಮ ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ಎಷ್ಟೋ ಸಲ ಅವರು ಆ ಕಾರಿನ ಕೆಳಗಿನಿಂದ ತೆವಳಿ ಬರುವುದನ್ನು ಕಂಡಿದ್ದೇನೆ. ಆಕ್ಸೆಲ್ ಮೊದಲೇ ಮುರಿದು ಕಾರು ಲಾರಿಯ ಕಡೆ ಎಳೆಯಿತೋ, ಲಾರಿ ಗುದ್ದಿದ ಏಟಿಗೆ ಮುರಿಯಿತೋ? ಒಬ್ಬ ಮೆಕ್ಯಾನಿಕ್ ಹಾಗೆ ಹೇಳಿದರೆ ಇನ್ನೊಬ್ಬ ಹೀಗೆ ಹೇಳಿದ್ದ. ಇದೊಂದು ಗೊತ್ತಾಗದೆ ಅವರ ಬದುಕು ಮುಂದಕ್ಕೆ ಹೋಗದೆ ನಿಂತುಬಿಟ್ಟಿತ್ತು.

ಮೇಲ್ಸೇತುವೆ ಕಟ್ಟುತ್ತ ರಸ್ತೆಯೆಲ್ಲ ಧೂಳಾಗಿದ್ದ ಕಾಲದಲ್ಲಿ ನನ್ನ ಹಳೇ ಕಾರೂ ಕೂಗತೊಡಗಿತು. ರಂಗಪ್ಪನವರು ಗೇಟಿಗೇ ಬಂದರು. ಮುಂದಿನ ವಾರ ತೋರಿಸುತ್ತೇನೆ ಅಂಕಲ್, ಅಂದೆ. ಅವರ ಮುಖ ಬಿಳಿಚಿಕೊಂಡಿತು.

"ಮುಂದಿನ ವಾರ ಅನ್ಬ್ಯಾಡ ಕಣಮ್ಮ," ಅಂದರು. "ನಿನ್ ಕಾಲಿಗ್ ಬೀಳ್ತೀನಿ, ಅದೊಂದ್ ಮಾತು ಅನ್ಬ್ಯಾಡ."

ಅಪ್ಪನ ವಯಸ್ಸಿನ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನೀವೇ ಬಿಚ್ಚಿ ನೋಡಿ ಎಂದುಬಿಟ್ಟೆ. ಅವರನ್ನು ನಂಬಿ ಗಾಡಿ ಕೊಟ್ಟವಳು ನಾನೇ ಮೊದಲಂತೆ.

ಭಾನುವಾರ ಗೋಣಿಚೀಲದ ತುಂಬ ಸ್ಪ್ಯಾನರು, ಸುತ್ತಿಗೆ, ಜಾಕಿ ಹೊತ್ತು ತಂದರು. ಕಾರು ನೆಲದ ಮೇಲಿರುವಾಗಲೇ ಚಕ್ರದ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು, ಎತ್ತಿದ ಮೇಲೆ ಚಕ್ರ ತಿರುಗಿ ಕೈಗೆ ಸಿಗುವುದಿಲ್ಲ ಎಂದು ವಿವರಿಸಿ, ನನ್ನನ್ನು ಬ್ರೇಕ್ ತುಳಿದು ಕೂರಲು ಹೇಳಿದರು. ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಭಾರವೆಲ್ಲ ಹಾಕಿದಾಗ ನಟ್ಟು ಕಿರ್ರೆಂದು ಬಿಟ್ಟುಕೊಟ್ಟಿತು. ಜಾಕಿ ಏರಿಸಿ, ಜಾಕಿಯನ್ನಷ್ಟೇ ನಂಬಬಾರದೆಂದು ಕೆಳಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ಚಕ್ರ ಕಳಚಿದರು. ಕೆಳಗಿನ ಬೋಲ್ಟು ತೆಗೆದು, ಚಕ್ರ ಕೂರುವ ಗುಂಬವನ್ನು ಹೊರಕ್ಕೆ ವಾಲಿಸಿ, ಮರದ ತುಂಡು ಅಡ್ಡ ಹಿಡಿದು ಮೆಲ್ಲಗೆ ಬಡಿದಾಗ ಕೋಲಿನ ತುದಿ ಒಳಕ್ಕೆ ಸರಿಯಿತು. ಇನ್ನೊಂದು ತುದಿಯನ್ನು ಗೇರ್‌ಬಾಕ್ಸಿನಿಂದ ಮೀಟಿದ್ದೇ ತಡ, ಎಣ್ಣೆ ಸುರಿಯಿತು. ನಾನು ಹಳೇ ಬೇಸಿನ್ ಒಡ್ಡಿದೆ. ಆಕ್ಸೆಲ್ಲನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಎಳೆಗೂಸನ್ನು ಮಲಗಿಸುವ ಹಾಗೆ ಗೋಣಿಯ ಮೇಲೆ ಮಲಗಿಸಿದರು.

ಅದರ ತುದಿಯಲ್ಲಿ ಮುಷ್ಟಿಗಾತ್ರದ ಒಂದು ಗಂಟು. ಅದೇ ಸಿ.ವಿ. ಜಾಯಿಂಟ್. ಚಕ್ರ ಯಾವ ಕಡೆ ಹೊರಳಿದರೂ ಇಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸುವ ಕೀಲು. ಅದರ ರಬ್ಬರಿನ ಹೊದಿಕೆ ಹರಿದು, ಗ್ರೀಸೆಲ್ಲ ಮಣ್ಣು ಸೇರಿ ಕಪ್ಪು ಅಂಬಲಿಯಾಗಿತ್ತು. ರಂಗಪ್ಪನವರು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರು. ಒಳಗೆ ಗುಂಡುಗಳು ಓಡಾಡುವ ಜಾಡು ಪೂರಾ ಸವೆದು ಗುಳಿಬಿದ್ದಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಮನೆಗೆ ಹೋಗಿ ತಮ್ಮ ಮುರಿದ ಆಕ್ಸೆಲ್ ತಂದು ಪಕ್ಕದಲ್ಲಿಟ್ಟರು.

ಅವರದರ ಜಾಡಿನಲ್ಲಿ ಸಣ್ಣ ಗೀರುಗಳಷ್ಟೇ ಇದ್ದವು. ಕೋಲು ಮಾತ್ರ ನಡುವೆ ಬಾಗಿ ತುಂಡಾಗಿತ್ತು.

"ಇಷ್ಟು ಸವೆದಿದ್ರೂ ನಿಂದು ಮುರೀಲಿಲ್ಲ," ಅಂದರು ರಂಗಪ್ಪನವರು. "ನಂದು ಆಗಿನ್ನೂ ಸವೆಯಕ್ ಶುರುವಾಗಿತ್ತು, ಅಷ್ಟೇ."

ಲಾರಿಯ ಏಟಿಗೇ ಮುರಿದಿದೆ ಅಂಕಲ್, ನಿಮ್ಮ ತಪ್ಪಿಲ್ಲ ಎಂದು ನಾನು ಸಂತೋಷದಿಂದಲೇ ಹೇಳಿದೆ. ಇಷ್ಟು ವರ್ಷ ಬೇಡಿದ್ದು ಸಿಕ್ಕಿತಲ್ಲ, ಇನ್ನಾದರೂ ಈ ಮನುಷ್ಯ ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದುಕೊಂಡೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಅಂಥ ಬರಿದಾದ ಕಣ್ಣನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

"ಅಂಗಾರೆ ಅವ್ಳು ಯಾಕ್ ಸತ್ಲು?" ಅಂದರು.

ಅವರು ಕೈ ಒರೆಸಿಕೊಂಡು ನಾನು ತರಿಸಿಟ್ಟಿದ್ದ ಹೊಸ ಆಕ್ಸೆಲ್ ಕೂರಿಸಿ, ನಟ್ಟು ಬಿಗಿಮಾಡಿ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಆಮೇಲೆ ಅವರು ಮೂಲೆಗೆ ಬರಲಿಲ್ಲ. ರಂಗಣ್ಣ ಸರಿಹೋದ ಎಂದು ಬೀದಿಯವರು ಮಾತಾಡಿಕೊಂಡರು. ಗುಜರಿಯವರು ಬಂದು ಕಾರನ್ನು ಎಳೆದುಕೊಂಡು ಹೋದರು. ತಾರಸಿಯಿಂದ ನೋಡಿದರೆ ಹೊಂಗೆಮರದ ಕೆಳಗೆ ಕಾರಿನಷ್ಟೇ ಉದ್ದದ ಜಾಗದಲ್ಲಿ ಹುಲ್ಲಿಲ್ಲದೆ ಬೋಳು ನೆಲ. ಅದರ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಅವರು ಸುಮ್ಮನೆ ಕೂತಿರುತ್ತಿದ್ದರು. ಮಾತಾಡಿಸಿದರೆ ಊಂ ಅನ್ನುತ್ತಿದ್ದರು. ವರ್ಷ ಕಳೆಯುವುದರಲ್ಲಿ ಸ್ವೆಟರು ಅವರ ಹೆಗಲ ಮೇಲೆ ಜೋತುಬಿದ್ದಿತ್ತು. ತಪ್ಪು ತನ್ನದೆಂಬ ನಂಬಿಕೆಯೇ ಇಷ್ಟು ದಿನ ಅವರನ್ನು ನಿಲ್ಲಿಸಿತ್ತೇನೋ.

ಒಂದು ದಿನ ಅವರಾಗಿಯೇ ಬಂದು, ರಾಜಾನುಕುಂಟೆಗೆ ಮಗಳ ಮನೆಗೆ ಬಿಟ್ಟು ಬರ್ತೀಯೇನಮ್ಮ ಎಂದು ಕೇಳಿದರು. ಅಪಘಾತವಾದ ಮೇಲೆ ಅವರು ಆ ರಸ್ತೆ ತುಳಿದಿರಲಿಲ್ಲ. ಒಂದು ಬಟ್ಟೆಗಂಟು ಹಿಡಿದು ಮುಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ ಕೂತರು. ಯಲಹಂಕ ದಾಟಿದ ಮೇಲೆ ನಿಧಾನ ಹೋಗು ಅಂದರು. ಮುಂದೆ ಒಂದು ಕಡೆ ನಿಲ್ಲಿಸಲು ಹೇಳಿ, ಇಳಿದು, ಹಿಂದೆ ಮುಂದೆ ನಡೆದಾಡಿದರು. ರಸ್ತೆ ಅಗಲವಾಗಿತ್ತು. ಅವರು ಗುರುತಿಟ್ಟುಕೊಂಡಿದ್ದ ಗೋಣಿಮರ ಇರಲಿಲ್ಲ. ಇದೇ ಇರಬೇಕು ಎಂದರು, ಮತ್ತೆ ಅಲ್ಲ, ಇನ್ನೂ ಅತ್ತ ಇರಬೇಕು ಎಂದರು. ಕೊನೆಗೆ ಬಂದು ಸೀಟಿನಲ್ಲಿ ಕೂತು, ಬಾಗಿಲು ಹಾಕದೆ, ಒಂದು ಕಾಲು ಹೊರಗೇ ಬಿಟ್ಟುಕೊಂಡು ಮಾತಾಡಿದರು.

"ಯಾರಿಗೂ ಏಳಿಲ್ಲ ಕಣಮ್ಮ. ಜಯಮ್ಮ ಕಿಟಕಿ ಕಡೆ ಕೈ ತೋರ್ಸಿ, 'ಏ, ಅಲ್ನೋಡ್ರೀ' ಅಂದ್ಲು. ನಗ್ತಾ ಇದ್ಲು. ನಾನು ಆ ಕಡೆ ತಿರುಗ್ದೆ. ಅಷ್ಟೇ."

ಹೊರಗಿದ್ದ ಕಾಲನ್ನು ಒಳಗೆಳೆದುಕೊಂಡು, "ಏನ್ ತೋರ್ಸಿದ್ಲು ಅಂತ ಗೊತ್ತಾಗ್ಲೇ ಇಲ್ಲ," ಅಂದರು.

ಮಗಳ ಮನೆಯ ಗೇಟಿನಲ್ಲಿ ಇಳಿದಾಗ ನನ್ನ ತಲೆಯ ಮೇಲೆ ಕೈಯಿಟ್ಟು, ಉಷಾರಾಗಿ ಹೋಗು ಎಂದು ಹೇಳಿ ಒಳಕ್ಕೆ ನಡೆದರು. ಅದೇ ಕೊನೆ. ಮುಂದಿನ ಬೇಸಿಗೆಯಲ್ಲಿ ಅವರ ಮಗಳು ಫೋನ್ ಮಾಡಿ, ಅಪ್ಪ ಹೋಗ್ಬಿಟ್ರು ಅಂದಳು.

ಈಗಲೂ ಕೆಲಸದ ಮೇಲೆ ಆ ರಸ್ತೆಯಲ್ಲಿ ಹೋಗುತ್ತಿರುತ್ತೇನೆ. ಯಲಹಂಕ ದಾಟಿದ ಮೇಲೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಎಡಗಡೆ ನೋಡುತ್ತೇನೆ. ಒಂದು ರಾಗಿ ಹೊಲ, ಲೇಔಟಿನ ಕಲ್ಲುಗಳು, ಬೇಲಿಯ ಮೇಲೆ ಯಾರದೋ ಒಣಹಾಕಿದ ಸೀರೆ. ಗಂಡನನ್ನು ಕರೆದು ನಗುತ್ತ ತೋರಿಸುವಂಥದ್ದು ಅಲ್ಲಿ ಏನಿತ್ತೋ, ನನಗೂ ಕಾಣಿಸಿಲ್ಲ.