ಹಿಂದಕ್ಕೆ ನಡೆದ ದನಗಳು

ಜೋಳದ ರೊಟ್ಟಿ ಬಡಿಯುತ್ತಿದ್ದೆ, ಮೂರನೆಯದು ಹಂಚಿನ ಮೇಲಿತ್ತು. ಮಗಳು ಶಾಲೆಯಿಂದ ಓಡಿಬಂದು, ಕಥೆ ಹೇಳುವ ಸ್ಪರ್ಧೆಗೆ ತನ್ನನ್ನು ಆರಿಸಿದ್ದಾರೆ, ಕೊಪ್ಪಳಕ್ಕೆ ಹೋಗಬೇಕು ಎಂದಳು. ಕೊಪ್ಪಳ ಜಿಲ್ಲೆಯಾದ ಮರುವರ್ಷವದು. ಯಲಬುರ್ಗಾ ಕಡೆಯ ನಮ್ಮ ಸಣ್ಣ ಊರಿನ ಹೆಣ್ಣುಮಗು ಅಲ್ಲಿ ವೇದಿಕೆ ಹತ್ತುವುದೆಂದರೆ ನನಗೆ ಹನುಮಪ್ಪನ ಕೃಪೆಯೇ.

ಪರದೇಶದ ಕಥೆಯೇ ಆಗಬೇಕಂತೆ. ಟೀಚರು ಗ್ರೀಕರ ದೂತದೇವರು ಹರ್ಮೀಸನ ಕಥೆ ಕೊಟ್ಟಿದ್ದರು. ಹುಟ್ಟಿದ ದಿನವೇ ಅವನು ತೊಟ್ಟಿಲಿಂದಿಳಿದು ಅಣ್ಣನ ದನ ಕದ್ದನಂತೆ. ಹೆಜ್ಜೆ ನೋಡಿದವರು ದಾರಿ ತಪ್ಪಲೆಂದು ದನಗಳನ್ನು ಹಿಂದಕ್ಕೆ ನಡೆಸಿದನಂತೆ.

ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನಮ್ಮ ಅತ್ತೆಗೆ ಎಲ್ಲ ಕೇಳಿಸಿತು.

"ಕಳ್ಳ ದೇವರ ಕತಿ ಹೇಳಾಕ ಕೊಪ್ಪಳತನಕ ಹೋಗಬೇಕೇನು? ಏನೂ ಬ್ಯಾಡ."

ಅವರು ಬೇಡ ಎಂದರೆ ನಮ್ಮ ಮನೆಯಲ್ಲಿ ಮಾತು ಮುಗಿಯಿತು, ಯಜಮಾನರೂ ಮೀರುವವರಲ್ಲ. ಮಗಳ ಮುಖ ಸಣ್ಣದಾಯಿತು. ನಾನೇ ಧೈರ್ಯ ಮಾಡಿ, ನಮ್ಮ ಹನುಮಪ್ಪನೂ ದೂತನಾಗಿ ಹೋದವನೇ ಅಲ್ಲವೇನ್ರಿ ಎಂದೆ.

"ಹನುಮಪ್ಪ ಊರು ಸುಟ್ಟಾನ, ಕಳವು ಮಾಡಿಲ್ಲ" ಎಂದರು.

ನಾನು ಹಂಚಿನ ಮೇಲಿನ ರೊಟ್ಟಿ ತಿರುವಿದೆ. ಆದರೂ ಮಗಳು ಮರುದಿನ ಒಲೆಯ ಮುಂದೆ ಕೂತು ನನಗೊಬ್ಬಳಿಗೇ ಮೆಲ್ಲಗೆ ಕಥೆ ಹೇಳಿದಳು. ದನ ಹಿಂದಕ್ಕೆ ನಡೆದದ್ದು ಬಂದಾಗ ಅತ್ತೆಗೆ ಪಡಸಾಲೆಯಲ್ಲಿ ತಡೆಯಲಾಗಲಿಲ್ಲ. ಹುಡುಗಿಯಾಗಿದ್ದಾಗ ದನ ಕಾಯ್ದವರು ಅವರು.

"ಬಾಲ ಹಿಡದು ಜಗ್ಗಿದ್ರ ಒದೀತಾವ. ಹ್ಯಾಂಗ ನಡಿಸಿದ ಅಂತ ನಿನ್ನ ಪುಸ್ತಕದಾಗ ಐತೇನು?"

ಇರಲಿಲ್ಲ. ಅತ್ತೆ ಎದ್ದು ಅಡುಗೆಮನೆಗೇ ಬಂದರು. ಎತ್ತನ್ನು ನೊಗಕ್ಕೆ ಹೂಡುವಾಗ ಮಾಡುವಂತೆ, ಇಲ್ಲದ ಎತ್ತಿನ ಹಣೆಗೆ ಅಂಗೈ ಕೊಟ್ಟು, ನಾಲಿಗೆ ಲೊಚಗುಟ್ಟುತ್ತಾ "ಹಿಂದ ಸರಿ, ಹಿಂದ ಸರಿ" ಎಂದು ತೋರಿಸಿದರು. ಆಮೇಲೆ ಏನಾಯಿತೆಂದು ತಾವೇ ಕೇಳಿದರು. ಮತ್ತೆ ತೊಟ್ಟಿಲು ಸೇರಿದ್ದ ಕೂಸು ಅಣ್ಣನಿಗೆ ಸಿಕ್ಕಿಬಿದ್ದಾಗ, ನಾನು ನಿನ್ನೆ ಹುಟ್ಟಿದವನು, ಆಕಳೆಂದರೆ ಹೇಗಿರುತ್ತದೋ ಗೊತ್ತಿಲ್ಲ ಎಂದಿತೆಂದು ಮಗಳು ಹೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿಸಿ ನೆಟ್ಟಗೆ ಕೂತರು.

"ದನ ತಿರುಗಿ ಕೊಟ್ಟನೋ ಇಲ್ಲೋ?"

"ಎಲ್ಲಿ ಮುಚ್ಚಿಟ್ಟಿದ್ನೋ ತೋರಿಸಿದ ಆಯಿ. ಆಮಿ ಚಿಪ್ಪಿನಾಗ ವೀಣಿ ಮಾಡಿ ಅದನ್ನೂ ಅಣ್ಣಗ ಕೊಟ್ಟ. ಅದಕ್ಕ ಅವರಪ್ಪ ದೂತನ್ನ ಮಾಡಿದ."

"ಹಂಗಾರ ಹೋಗಿ ಹೇಳು. ದನ ಸರಿಸೋದು ಮಾತ್ರ ನಾ ತೋರಿಸಿದಾಂಗ ಆಗಬೇಕು."

ಕೊಪ್ಪಳಕ್ಕೆ ಅತ್ತೆಯೂ ಬಂದರು. ಮಗಳು ಹಣೆಗೆ ಅಂಗೈ ಕೊಟ್ಟು ಲೊಚಗುಟ್ಟಿದ್ದೇ ತಡ, ಕೂತಿದ್ದ ರೈತರ ಮಕ್ಕಳೆಲ್ಲ ಜೊತೆಗೆ ಲೊಚಗುಟ್ಟಿದರು. ತೀರ್ಪುಗಾರರು ಪೆನ್ನು ಕೆಳಗಿಟ್ಟು ನಕ್ಕರು. ಮೊದಲ ಬಹುಮಾನ ನಮ್ಮ ಹುಡುಗಿಗೇ. ಒಂದು ಸ್ಟೀಲಿನ ಡಬ್ಬಿ, ಮುಚ್ಚಳ ಸಮೇತ.

ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು, ಅದೂ ಒಂದು ಪುಣ್ಯ. ದಾರಿಯುದ್ದಕ್ಕೂ ಅತ್ತೆ ಡಬ್ಬಿಯನ್ನು ಮಡಿಲಿಂದ ಇಳಿಸಲಿಲ್ಲ. ಮುಂದಿನ ಸೀಟಿನವರು ಕೇಳದಿದ್ದರೂ ಹೇಳಿದರು:

"ಮೊಮ್ಮಗಳು ಗೆದ್ದಾಳ. ದನ ಹೊಡದಾಕಿ ನಾನು."

ಮನೆಗೆ ಬಂದು ಡಬ್ಬಿಯನ್ನು ಹನುಮಪ್ಪನ ಪಟದ ಮುಂದಿಟ್ಟು ದೀಪ ಹಚ್ಚಿದೆ. ಅತ್ತೆ ಆಗಲೇ ಓಣಿಗೆ ಹೊರಟಿದ್ದರು. ನಾನು ಒಲೆ ಹೊತ್ತಿಸಿ, ರೊಟ್ಟಿ ಹಿಟ್ಟಿಗೆ ಎಸರಿಟ್ಟೆ.