ನನ್ನ ಚಾಪೆಯ ಮೇಲೆ ಕೂತವರು

ನಮ್ಮೂರಿನ ಆಶಾ ಕಾರ್ಯಕರ್ತೆ ಹೆಂಗಸರನ್ನು ಕಂಡಲ್ಲೆಲ್ಲ, ಕೊಟ್ಟೂರಿನ ಬಸ್ಸಿನಲ್ಲೂ, "ಮುಟ್ಟು ಸರಿ ಆಗತೈತೇನವ್ವಾ?" ಎಂದು ಗಟ್ಟಿಯಾಗಿ ಕೇಳುತ್ತಿದ್ದರು.

ಒಮ್ಮೆ ನನಗೆ ಇಪ್ಪತ್ತು ದಿನವಾದರೂ ರಕ್ತಸ್ರಾವ ನಿಂತಿರಲಿಲ್ಲ. ಹೊರಗಾದವಳೆಂದು ಮನೆಮುಂದಿನ ಕಟ್ಟೆಯ ಮೇಲೆ ಒಬ್ಬಳೇ ಚಾಪೆ ಹಾಸಿಕೊಂಡಿದ್ದೆ. ಯಾರೂ ಹತ್ತಿರ ಬರದಿದ್ದರಿಂದ ನನ್ನ ಸ್ಥಿತಿ ಯಾರಿಗೂ ತಿಳಿಯಲಿಲ್ಲ. ಆ ಆಶಾ ಕಾರ್ಯಕರ್ತೆ ಬಂದು ಅದೇ ಚಾಪೆಯ ಮೇಲೆ ಕೂತು, ಮೈಯಲ್ಲಿ ರಕ್ತ ಎಷ್ಟಿದೆಯೆಂದು ನನ್ನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

"ಅಯ್ಯ, ಆಕಿನ್ನ ಮುಟ್ಟಿದ್ಯಲ್ಲವ್ವ! ಇನ್ನ ಜಳಕ ಮಾಡ್ಬೇಕು," ಅಂದರು ನಮ್ಮತ್ತೆ.

"ಮಾಡ್ತೀನಿ, ನೀರು ಕಾಸ್ರಿ. ಅದು ಕಾಯೋದ್ರಾಗ ನಿಮ್ಮ ಸೊಸಿನ ದವಾಖಾನಿಗೆ ತೋರಿಸ್ಕೊಂಡು ಬರ್ತೀನಿ."

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಸ್ಕ್ಯಾನ್ ಮಾಡಿ ಮಾತ್ರೆ ಕೊಟ್ಟರು. ನಾನು ಉಳಿದೆ.

ಹೋದ ತಿಂಗಳು ಆ ಆಶಾ ಕಾರ್ಯಕರ್ತೆ ತೀರಿಕೊಂಡ ದಿನ ನಾನು ಹೊರಗಾಗಿದ್ದೆ. ಅತ್ತೆ ಕಟ್ಟೆಗೆ ಬಂದು ನನ್ನ ಕೈ ಹಿಡಿದು ಎಬ್ಬಿಸಿದರು.

"ಏಳು, ಇಬ್ರೂ ಹೋಗೋಣ," ಅಂದರು.